‘ಸರಿಯಾದ ಮಿಶ್ರಣ’ ಎಂದರೆ ಯಾವುದು? – ಕಾಫಿ ಗುಡ್ಡಗಳ ಟೂ-ಸ್ಟ್ರೋಕ್ ಎಂಜಿನ್ನೂ ನಮ್ಮ ಕಾರ್ಬುರೇಟರ್ ಪಾಠವೂ

ಬರ್ನೌಲಿ ತತ್ವದ ಅನ್ವಯಗಳನ್ನು ಬರೆಯಿರಿ ಎಂದರೆ ನಮ್ಮ ವಿದ್ಯಾರ್ಥಿಗಳು ವಿಮಾನದ ರೆಕ್ಕೆ, ತುಂತುರು ಸಿಂಪರಣೆ, ಕಾರ್ಬುರೇಟರ್ ಎಂದು ಮೂರನ್ನು ಬರೆದು ಅಂಕ ಪಡೆಯುತ್ತಾರೆ. 2006ರಲ್ಲಿ ಮೊದಲು ಹೊರಬಂದ ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯ ಭೌತವಿಜ್ಞಾನ ಪುಸ್ತಕವೂ ವೆಂಚುರಿ ಮೀಟರಿನ ವಿವರಣೆಯ ಕೊನೆಯಲ್ಲಿ ಕಾರ್ಬುರೇಟರನ್ನು ಹೆಸರಿಸಿತ್ತು. ಕಿರಿದಾದ ಕಂಠದಲ್ಲಿ ಗಾಳಿ ವೇಗವಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಪೆಟ್ರೋಲ್ ಮೇಲಕ್ಕೆ ಬಂದು ದಹನಕ್ಕೆ ಬೇಕಾದ ಸರಿಯಾದ ಮಿಶ್ರಣ ಸಿಗುತ್ತದೆ ಎಂಬುದು ಅದರ ಸಾರಾಂಶ. ಇದರಲ್ಲಿ ತಪ್ಪಿಲ್ಲ. ಆದರೆ ‘ಸರಿಯಾದ’ ಎಂಬ ಪದ ಬಂದ ಕೂಡಲೇ ಪಾಠ ಮುಗಿಯುತ್ತದೆ. ಎಲ್ಲಿಗೆ ಸರಿ? ಮಂಗಳೂರಿಗೋ, ಮೂಡಿಗೆರೆಗೋ? ಈ ಪ್ರಶ್ನೆಯನ್ನು ಪುಸ್ತಕವೂ ಕೇಳುವುದಿಲ್ಲ, ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಗ್ಯಾರೇಜಿನ ಹುಡುಗ ಮಾತ್ರ ದಿನವೂ ಕೇಳಿಕೊಳ್ಳುತ್ತಾನೆ. ಅವನಿಗೆ ಸಿಗುವ ಉತ್ತರಗಳಲ್ಲಿ ಕೆಲವು ಸರಿ, ಕೆಲವು ಶುದ್ಧ ತಪ್ಪು. ಪಾಠ ಅರ್ಧಕ್ಕೆ ನಿಂತದ್ದರಿಂದಲೇ ಆ ತಪ್ಪುಗಳು ಉಳಿದಿವೆ ಎಂಬುದು ನನ್ನ ಆಕ್ಷೇಪಣೆ.

ಗುಡ್ಡಗಾಡಿನ ಎಂಜಿನ್

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಟೂ-ಸ್ಟ್ರೋಕ್ ಎಂಜಿನ್ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳು, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಇಲ್ಲಿನ ಏರುಹಾದಿಗಳಿಗೆ ಒಗ್ಗಿದವು. ಮಾಲಿನ್ಯ ನಿಯಮಗಳು ಬಿಗಿಯಾದಂತೆ ಹೊಸ ಟೂ-ಸ್ಟ್ರೋಕ್ ಬೈಕುಗಳು ಮಾರುಕಟ್ಟೆಯಿಂದ ಮರೆಯಾದರೂ ಹಳೆಯವು ಉಳಿದಿವೆ. ಕೆಲವನ್ನು ಹುಡುಗರು ಮಡ್‌ಗಾರ್ಡ್ ಎತ್ತರಿಸಿ, ಗುಬ್ಬಿ ಟೈರು ಹಾಕಿಸಿ ಮಣ್ಣುಹಾದಿಯ ಡರ್ಟ್ ಬೈಕುಗಳನ್ನಾಗಿ ಮಾಡಿಕೊಂಡಿದ್ದಾರೆ. ರಾಷ್ಟ್ರೀಯ ರ‍್ಯಾಲಿ ಸ್ಪರ್ಧೆಗಳು ಕಾಫಿ ತೋಟದ ರಸ್ತೆಗಳಲ್ಲಿ ನಡೆಯುವ ಜಿಲ್ಲೆಯಲ್ಲಿ ಇದು ಆಶ್ಚರ್ಯವಲ್ಲ. ಜೊತೆಗೆ ತೋಟದ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸ, ಬೆನ್ನಿಗೆ ಹೊರುವ ಸಿಂಪರಣಾ ಯಂತ್ರಗಳಲ್ಲಿ ಇಂದಿಗೂ ಬಹಳಷ್ಟು ಟೂ-ಸ್ಟ್ರೋಕ್ ಎಂಜಿನ್ನುಗಳೇ. ಅವುಗಳ ಹೊಗೆಯನ್ನು ಉಸಿರಾಡುವವನು ಹಿಡಿಕೆ ಹಿಡಿದ ಕಾರ್ಮಿಕ. ಆದ್ದರಿಂದ ಈ ವಿಷಯ ಕೇವಲ ಹುಡುಗರ ಹವ್ಯಾಸವಲ್ಲ.

ಬರ್ನೌಲಿ ಎಲ್ಲಿಯವರೆಗೆ ಕರೆದೊಯ್ಯುತ್ತಾನೆ?

ಕಾರ್ಬುರೇಟರಿನಲ್ಲಿ ಎರಡು ಹರಿವುಗಳಿವೆ: ಕಂಠದಲ್ಲಿ ಗಾಳಿ, ಜೆಟ್ಟಿನ ಸಣ್ಣ ರಂಧ್ರದಲ್ಲಿ ಪೆಟ್ರೋಲ್. ಪೆಟ್ರೋಲ್ ನಿಂತಿರುವ ಫ್ಲೋಟ್ ಬಟ್ಟಲು ಹೊರಗಿನ ವಾಯುಮಂಡಲಕ್ಕೆ ತೆರೆದಿರುತ್ತದೆ. ಹಾಗಾಗಿ ಎರಡೂ ಹರಿವುಗಳನ್ನು ನೂಕುವುದು ಒಂದೇ ಒತ್ತಡ ವ್ಯತ್ಯಾಸ, ಅಂದರೆ ಹೊರಗಿನ ಒತ್ತಡದಿಂದ ಕಂಠದ ಒತ್ತಡವನ್ನು ಕಳೆದದ್ದು. ಬರ್ನೌಲಿ ಸಮೀಕರಣದ ಪ್ರಕಾರ ಪ್ರತಿ ಸೆಕೆಂಡಿಗೆ ಹರಿಯುವ ದ್ರವ್ಯರಾಶಿಯು ರಂಧ್ರದ ಕ್ಷೇತ್ರಫಲಕ್ಕೂ, ಸಾಂದ್ರತೆ ಮತ್ತು ಒತ್ತಡ ವ್ಯತ್ಯಾಸಗಳ ಗುಣಲಬ್ಧದ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ. ಗಾಳಿಯ ಹರಿವನ್ನು ಪೆಟ್ರೋಲ್ ಹರಿವಿನಿಂದ ಭಾಗಿಸಿದರೆ ಒತ್ತಡ ವ್ಯತ್ಯಾಸ ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಎಂಜಿನ್ ನಿಧಾನವಾಗಿ ಉಸಿರೆಳೆದರೂ ಜೋರಾಗಿ ಎಳೆದರೂ ಅನುಪಾತ ಹೆಚ್ಚುಕಡಿಮೆ ಒಂದೇ. ಕಾರ್ಬುರೇಟರಿನ ಜಾಣ್ಮೆ ಇರುವುದು ಇಲ್ಲಿ. ನಮ್ಮ ಪಾಠ ಇದನ್ನು ಹೇಳುವುದಿಲ್ಲ.

ಆದರೆ ಹೊಡೆದುಹೋಗದೆ ಉಳಿಯುವ ರಾಶಿ ಒಂದಿದೆ: ಗಾಳಿಯ ಸಾಂದ್ರತೆ. ಗಾಳಿ-ಪೆಟ್ರೋಲ್ ಅನುಪಾತವು ಅದರ ವರ್ಗಮೂಲವನ್ನು ಅನುಸರಿಸುತ್ತದೆ. ಸಮುದ್ರಮಟ್ಟದಲ್ಲಿ ಘನ ಮೀಟರಿಗೆ ಸುಮಾರು 1.225 ಕಿಲೋಗ್ರಾಂ ಇರುವ ಗಾಳಿ, ಚಿಕ್ಕಮಗಳೂರು-ಮೂಡಿಗೆರೆಗಳ ಸುಮಾರು 1000 ಮೀಟರ್ ಎತ್ತರದಲ್ಲಿ 1.112 ಕಿಲೋಗ್ರಾಂಗೆ ಇಳಿಯುತ್ತದೆ; ಇಳಿಕೆ ಶೇ. 9. ವರ್ಗಮೂಲ ತೆಗೆದರೆ ಅನುಪಾತದ ಇಳಿಕೆ ಶೇ. 5ಕ್ಕಿಂತ ಸ್ವಲ್ಪ ಕಡಿಮೆ. ಮಂಗಳೂರಿನಲ್ಲಿ 13 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಇದ್ದದ್ದು ಮೂಡಿಗೆರೆಯಲ್ಲಿ 12.4ಕ್ಕೆ, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ 11.8ಕ್ಕೆ ಬರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಮಿಶ್ರಣ ‘ರಿಚ್’ ಆಯಿತು. ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿ ನೀರಾವಿಯಿಂದ ಪೂರ್ಣ ತುಂಬಿದ್ದರೆ, ಆವಿ ಆಕ್ರಮಿಸಿದ ಜಾಗದಿಂದಾಗಿ ಆಮ್ಲಜನಕ ಇನ್ನೂ ಸುಮಾರು ಶೇ. 2.5 ಕಡಿಮೆ.

ಆದ್ದರಿಂದ ಘಟ್ಟ ಹತ್ತಿದ ಬೈಕಿಗೆ ಸಣ್ಣ ಜೆಟ್ ಹಾಕಬೇಕೆಂಬ ಮೆಕ್ಯಾನಿಕ್‌ನ ಮಾತು ಸರಿ. ಎಷ್ಟು ಸಣ್ಣದು ಎಂಬಲ್ಲಿ ಲೆಕ್ಕ ಬೇಕು. ಪೆಟ್ರೋಲಿನ ಹರಿವನ್ನು ಶೇ. 5 ತಗ್ಗಿಸಲು ರಂಧ್ರದ ಕ್ಷೇತ್ರಫಲ ಶೇ. 5 ತಗ್ಗಬೇಕು, ವ್ಯಾಸ ತಗ್ಗಬೇಕಾದದ್ದು ಶೇ. 2.5 ಮಾತ್ರ. ಜೆಟ್ಟಿನ ಮೇಲೆ ಒತ್ತಿರುವ ಸಂಖ್ಯೆ ಕೆಲವು ತಯಾರಿಕೆಗಳಲ್ಲಿ ವ್ಯಾಸವನ್ನೂ ಕೆಲವದರಲ್ಲಿ ಹರಿವನ್ನೂ ಸೂಚಿಸುತ್ತದೆ. 100ರ ಬದಲು 95 ಹಾಕಿದರೆ ಮೊದಲನೆಯದರಲ್ಲಿ ಹರಿವು ಸುಮಾರು ಶೇ. 10, ಎರಡನೆಯದರಲ್ಲಿ ಶೇ. 5 ತಗ್ಗುತ್ತದೆ. ಈ ವ್ಯತ್ಯಾಸ ತಿಳಿಯದೆ ಜೆಟ್ ಬದಲಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ. ಇನ್ನೊಂದು ಮಾತು: ಮೇನ್ ಜೆಟ್‌ನ ಅಧಿಕಾರ ನಡೆಯುವುದು ಥ್ರಾಟಲ್ ಮುಕ್ಕಾಲಿಗಿಂತ ಹೆಚ್ಚು ತೆರೆದಾಗ. ತೋಟದ ಹಾದಿಯಲ್ಲಿ ಬಹುಪಾಲು ಸಮಯ ಕೆಲಸ ಮಾಡುವವು ಪೈಲಟ್ ಜೆಟ್ ಮತ್ತು ಸೂಜಿ. ಅವನ್ನು ಮುಟ್ಟದೆ ಮೇನ್ ಜೆಟ್ ಬದಲಿಸಿ ‘ಏನೂ ವ್ಯತ್ಯಾಸವಾಗಲಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಕಳೆದುಹೋದ ಶೇ. 9 ಗಾಳಿಯನ್ನಂತೂ ಯಾವ ಜೆಟ್ಟೂ ಮರಳಿ ತರಲಾರದು. ಎತ್ತರದಲ್ಲಿ ಶಕ್ತಿ ಕುಗ್ಗುವುದು ಖಂಡಿತ.

ಎಣ್ಣೆಯ ಬಗೆಗಿನ ತಪ್ಪು ತಿಳಿವಳಿಕೆ

ಈಗ ಗ್ಯಾರೇಜಿನ ತಪ್ಪಿಗೆ ಬರೋಣ. ‘ಆಯಿಲ್ ಜಾಸ್ತಿಯಾದರೆ ಮಿಶ್ರಣ ರಿಚ್ ಆಗುತ್ತದೆ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಹೊಗೆ ಹೆಚ್ಚುವುದು, ಪ್ಲಗ್ ಒದ್ದೆಯಾಗುವುದು ಅದಕ್ಕೆ ಸಾಕ್ಷಿ. ಆದರೆ ರಿಚ್ ಎಂಬುದು ಗಾಳಿ ಮತ್ತು ಪೆಟ್ರೋಲ್‌ಗಳ ಲೆಕ್ಕ. ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ ಬೆರೆಸಿದಾಗ ಜೆಟ್ಟಿನಲ್ಲಿ ಹೋಗುವ ದ್ರವದಲ್ಲಿ ಪೆಟ್ರೋಲ್ ಶೇ. 98. ಎಣ್ಣೆಯನ್ನು 40 ಮಿ.ಲೀ.ಗೆ ಏರಿಸಿದರೆ ಶೇ. 96. ಅದೇ ರಂಧ್ರ, ಅದೇ ಗಾಳಿ, ಪೆಟ್ರೋಲ್ ಮಾತ್ರ ಶೇ. 2 ಕಡಿಮೆ. ಎಣ್ಣೆಯಿಂದ ದ್ರವದ ಸ್ನಿಗ್ಧತೆ ಹೆಚ್ಚಿ ಹರಿವು ಇನ್ನಷ್ಟು ತಗ್ಗಬಹುದು. ಅಂದರೆ ಮಿಶ್ರಣ ರಿಚ್ ಆಗುವ ಬದಲು ತುಸು ‘ಲೀನ್’ ಆಗುತ್ತದೆ. ಹೊಗೆ ನೋಡಿ ರಿಚ್ ಎಂದು ತೀರ್ಮಾನಿಸಿ ಇನ್ನೂ ಸಣ್ಣ ಜೆಟ್ ಹಾಕಿದವನು ಎರಡು ಸಲ ಲೀನ್ ಮಾಡಿದಂತೆ. ಪಿಸ್ಟನ್ ಬಿಸಿಯೇರಿ ಸೀಜ್ ಆದಾಗ ಅವನು ಎಣ್ಣೆಯ ಕಂಪನಿಯನ್ನು ಬೈಯುತ್ತಾನೆ.

ಕಾರ್ಬುರೇಟರಿನ ಬಾಯಲ್ಲಿ, ರಬ್ಬರ್ ಕೊಳವೆಯಲ್ಲಿ, ಏರ್ ಫಿಲ್ಟರಿನಲ್ಲಿ ಕಾಣುವ ಎಣ್ಣೆಯ ಜಿಡ್ಡನ್ನೂ ಹೀಗೆಯೇ ತಪ್ಪಾಗಿ ಓದಲಾಗುತ್ತದೆ. ಅದು ಬರುವ ದಾರಿ ನೋಡಿ. ಯೆಜ್ಡಿಯಂಥ ಎಂಜಿನ್ನುಗಳಲ್ಲಿ ಒಳಹಾದಿಯ ಕಿಂಡಿಯನ್ನು ತೆರೆದು ಮುಚ್ಚುವುದು ಪಿಸ್ಟನ್ನಿನ ಅಂಚು. ನಿಧಾನ ವೇಗದಲ್ಲಿ ಪಿಸ್ಟನ್ ಕೆಳಗಿಳಿಯುವಾಗ ಕಿಂಡಿ ಮುಚ್ಚುವ ಮೊದಲೇ ಕ್ರ್ಯಾಂಕ್ ಕೋಣೆಯ ಮಿಶ್ರಣದ ಒಂದು ಪಾಲು ಹಿಂದಕ್ಕೆ ಉಗುಳಲ್ಪಡುತ್ತದೆ. ಪೆಟ್ರೋಲಿನ ಘಟಕಗಳು ಸುಮಾರು 35ರಿಂದ 200 ಡಿಗ್ರಿಯೊಳಗೆ ಕುದಿಯುವಂಥವು, ಬೇಗ ಆವಿಯಾಗುತ್ತವೆ. ಎಣ್ಣೆ ಆವಿಯಾಗದೆ ಗೋಡೆಗೆ ಅಂಟುತ್ತದೆ. ಇದೊಂದು ಸರಳ ಬಾಷ್ಪೀಕರಣ, ಉಪ್ಪುನೀರು ಆರಿದ ಮೇಲೆ ಉಪ್ಪು ಉಳಿದಂತೆ. ಜೆಟ್ ಸರಿಯಿದ್ದರೂ ಜಿಡ್ಡು ಇರುತ್ತದೆ. ಆರ್‌ಎಕ್ಸ್ 100ರಲ್ಲಿ ರೀಡ್ ಕವಾಟ ಹಿಂದುಗುಳುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಅಲ್ಲಿ ಎಣ್ಣೆಯನ್ನು ಪಂಪು ಬೇರೆಯಾಗಿ ಒಳಹಾದಿಗೆ ಹನಿಸುವುದರಿಂದ ಟ್ಯಾಂಕಿನಲ್ಲಿರುವುದು ಬರೀ ಪೆಟ್ರೋಲ್. ಅಂಥ ಬೈಕಿನ ಒಳಹಾದಿಯಲ್ಲಿ ಎಣ್ಣೆ ಮಡುಗಟ್ಟಿದ್ದರೆ ನೋಡಬೇಕಾದದ್ದು ಜೆಟ್ಟನ್ನಲ್ಲ, ಪಂಪನ್ನು.

ಜಿಡ್ಡು ಮಿಶ್ರಣದ ಗುರುತಲ್ಲದಿದ್ದರೂ ಮಿಶ್ರಣವನ್ನು ಕೆಡಿಸಬಲ್ಲದು. ಬೇಸಿಗೆಯಲ್ಲಿ ತೋಟದ ಹಾದಿಯ ಕೆಂಧೂಳು ಈ ಜಿಡ್ಡಿಗೆ ಹಿಡಿದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ ಕಂಠದ ಒತ್ತಡ ಇನ್ನಷ್ಟು ಇಳಿಯುತ್ತದೆ, ಬಟ್ಟಲಿನ ಮೇಲಿನ ಒತ್ತಡ ಹಾಗೆಯೇ ಇರುತ್ತದೆ. ಎರಡೂ ಹರಿವಿಗೆ ಒಂದೇ ಒತ್ತಡ ವ್ಯತ್ಯಾಸ ಎಂಬ ನಮ್ಮ ಆಧಾರವೇ ಮುರಿದು ಪೆಟ್ರೋಲ್ ಹೆಚ್ಚು ಬರುತ್ತದೆ. ಫಿಲ್ಟರ್ ತೊಳೆದು ನೋಡದೆ ಜೆಟ್ ಮುಟ್ಟಬಾರದು ಎಂಬ ಹಳೆಯ ಮೆಕ್ಯಾನಿಕ್‌ಗಳ ಕಟ್ಟಳೆಗೆ ಭೌತವಿಜ್ಞಾನದ ಸಮರ್ಥನೆ ಇದೇ.

ಇಳಿಜಾರಿನ ಅಪಾಯ, ಹೊಸ ಪೆಟ್ರೋಲ್

ಮೂಡಿಗೆರೆಗೆ ಹೊಂದಿಸಿದ ಜೆಟ್ಟಿನೊಂದಿಗೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಲೆಕ್ಕ ತಿರುಗುಮುರುಗಾಗುತ್ತದೆ: ಗಾಳಿ ದಟ್ಟವಾಗುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸುವ ಎಂಜಿನ್ನಿನಲ್ಲಿ ಪೆಟ್ರೋಲ್ ಬಂದಷ್ಟೇ ಎಣ್ಣೆ ಬರುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ತಡೆಯುತ್ತ ಬಂದರೆ ಎಂಜಿನ್ ವೇಗವಾಗಿ ಸುತ್ತುತ್ತಿರುತ್ತದೆ, ಎಣ್ಣೆ ಮಾತ್ರ ಹನಿಯಷ್ಟು. ತಿರುವಿನಲ್ಲಿ ಎಂಜಿನ್ ಸೀಜ್ ಆದರೆ ಹಿಂಚಕ್ರ ಕಚ್ಚಿಕೊಂಡು ಸವಾರ ರಸ್ತೆಗೆ ಬೀಳುತ್ತಾನೆ. ಹಳಬರು ಘಾಟಿ ಇಳಿಯುವಾಗ ಆಗಾಗ ಥ್ರಾಟಲ್ ತೆರೆದು ಮುಚ್ಚುತ್ತಿದ್ದುದಕ್ಕೆ ಇದೇ ಕಾರಣ.

2025ರಲ್ಲಿ ದೇಶ ಶೇ. 20 ಎಥನಾಲ್ ಬೆರಕೆಯ ಗುರಿ ತಲುಪಿದ ಮೇಲೆ ಲೆಕ್ಕಕ್ಕೆ ಹೊಸ ಪದವೊಂದು ಸೇರಿದೆ. ಪೂರ್ಣ ದಹನಕ್ಕೆ 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು, ಎಥನಾಲಿಗೆ 9 ಗ್ರಾಂ ಸಾಕು. ಬೆರಕೆಗೆ ಸುಮಾರು 13.5. ಹಳೆಯ ಜೆಟ್ಟಿನಲ್ಲಿ ಈ ಇಂಧನ ಹರಿದರೆ ಮಿಶ್ರಣ ಸುಮಾರು ಶೇ. 8 ಲೀನ್. ಮೂಡಿಗೆರೆಯ ಎತ್ತರ ಇದರ ಅರ್ಧಕ್ಕಿಂತ ಹೆಚ್ಚನ್ನು ಸರಿದೂಗಿಸುತ್ತದೆ, ಮಂಗಳೂರಿನಲ್ಲಿ ಆ ಆಸರೆಯಿಲ್ಲ. ಎತ್ತರಕ್ಕೆಂದು ಸಣ್ಣ ಜೆಟ್ ಹಾಕಿಸಿಕೊಂಡವರು ಅದನ್ನು ಮರುಪರಿಶೀಲಿಸಬೇಕು. ಎಥನಾಲ್ ನೀರನ್ನೂ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಯಂತ್ರದ ಟ್ಯಾಂಕಿಗೆ ನೀರು ಸೇರಿ ಮಿತಿ ಮೀರಿದರೆ ಎಥನಾಲ್-ನೀರಿನ ಪದರ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಎಣ್ಣೆ ಪೆಟ್ರೋಲಿನೊಂದಿಗೆ ಮೇಲುಳಿಯುತ್ತದೆ. ಎಂಜಿನ್ ಮೊದಲು ಎಳೆದುಕೊಳ್ಳುವುದು ತಳದ, ಎಣ್ಣೆಯಿಲ್ಲದ ದ್ರವವನ್ನು. ಬೆರೆಸಿದ ಇಂಧನವನ್ನು ಟ್ಯಾಂಕಿನಲ್ಲಿ ಉಳಿಸದೆ ತೆಗೆದಿಡುವುದು ಉತ್ತಮ.

ಪಾಠ ಹೇಗಿರಬೇಕು?

2020ರ ಭಾರತ್ ಸ್ಟೇಜ್-6 ನಿಯಮಗಳ ನಂತರ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಧನ ಇಂಜೆಕ್ಷನ್ ಬಂದಿದೆ, ಇನ್ನೇಕೆ ಈ ಪಾಠ ಎನ್ನುವವರಿದ್ದಾರೆ. ಇಂಜೆಕ್ಷನ್ ವ್ಯವಸ್ಥೆಯ ಸಂವೇದಕಗಳು ಗಾಳಿಯ ಒತ್ತಡ, ಉಷ್ಣತೆಗಳನ್ನು ಅಳೆದು ಮಾಡುವುದು ನಾವು ಮೇಲೆ ಮಾಡಿದ ಲೆಕ್ಕವನ್ನೇ. ಕಾರ್ಬುರೇಟರಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಅಧ್ಯಾಪಕರು ಹೆಚ್ಚುವರಿ ಒಂದು ಪೀರಿಯಡ್ ಕೊಟ್ಟರೆ ಸಾಕು. ಕೆಲವು ಮೊಬೈಲ್ ಫೋನುಗಳಲ್ಲಿ ವಾಯುಭಾರ ಅಳೆಯುವ ಸಂವೇದಕವಿದೆ. ಚಾರ್ಮಾಡಿಯ ಬುಡದಲ್ಲಿ, ಕೊಟ್ಟಿಗೆಹಾರದಲ್ಲಿ, ಚಿಕ್ಕಮಗಳೂರಿನಲ್ಲಿ ಒತ್ತಡ ಮತ್ತು ಉಷ್ಣತೆಯನ್ನು ವಿದ್ಯಾರ್ಥಿಗಳೇ ಬರೆದುಕೊಳ್ಳಲಿ. ಆದರ್ಶ ಅನಿಲದ ಸಮೀಕರಣದಿಂದ ಸಾಂದ್ರತೆ, ಅದರ ವರ್ಗಮೂಲದಿಂದ ಅನುಪಾತ, ಅನುಪಾತದಿಂದ ಜೆಟ್ಟಿನ ಅಳತೆ ಕಂಡುಹಿಡಿಯಲಿ. ನಂತರ ಊರಿನ ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್ ಅನುಭವದಿಂದ ಆರಿಸಿದ ಜೆಟ್ಟಿನೊಂದಿಗೆ ಹೋಲಿಸಲಿ. ಎರಡೂ ಹೊಂದದಿದ್ದರೆ ಇನ್ನೂ ಒಳ್ಳೆಯದು. ಎಲ್ಲಿ ಗಾಳಿ ಸೋರುತ್ತಿದೆ, ಯಾವ ಫಿಲ್ಟರ್ ಕಟ್ಟಿದೆ ಎಂದು ಹುಡುಕುವ ಕೆಲಸ ಅಲ್ಲಿಂದ ಶುರುವಾಗುತ್ತದೆ. ಪುಸ್ತಕದ ಮುಂದಿನ ಆವೃತ್ತಿಯನ್ನು ಸಿದ್ಧಪಡಿಸುವವರಲ್ಲಿ ನನ್ನ ಕೋರಿಕೆ ಒಂದೇ. ‘ಸರಿಯಾದ ಮಿಶ್ರಣ’ ಎಂದು ಬರೆದ ಮೇಲೆ ಪೂರ್ಣವಿರಾಮ ಹಾಕುವ ಮೊದಲು, ‘ಗಾಳಿಯ ಸಾಂದ್ರತೆ ಬದಲಾಗದಿದ್ದರೆ’ ಎಂಬ ಮೂರು ಪದಗಳನ್ನು ಸೇರಿಸಿ.