ಅಶ್ವಚಿತ್ರಗಳ ಗುಣದೋಷ ವಿಚಾರ

ಕಾವ್ಯಕ್ಕೆ ವಿಮರ್ಶೆಯಿರುವಂತೆ ಚಿತ್ರಕ್ಕೂ ವಿಮರ್ಶೆಯುಂಟು. ಆದರೆ ಅಚ್ಚಾಗಿ ಹೊರಬಂದ ಕೃತಿಯ ವಿಮರ್ಶೆಗೂ, ಇನ್ನೂ ಕೃತಿಕಾರನ ಕೈಯಲ್ಲೇ ಇರುವ ಚಿತ್ರವನ್ನು ನೋಡಿ ಹೇಳುವ ಅಭಿಪ್ರಾಯಕ್ಕೂ ಬಹಳ ಅಂತರವಿರುವುದು. ಮೊದಲನೆಯದು ಓದುಗರಿಗಾಗಿ, ಎರಡನೆಯದು ಕೃತಿಕಾರನಿಗಾಗಿ. ಮೊದಲನೆಯದು ತಪ್ಪಿದರೆ ಒಂದು ಗ್ರಂಥದ ಬೆಲೆ ಕೆಲವು ಕಾಲ ಏರುಪೇರಾದೀತು. ಎರಡನೆಯದು ತಪ್ಪಿದರೆ ಕಲಿಯುತ್ತಿರುವ ಒಂದು ಕೈ ಕೆಲಸವನ್ನೇ ಬಿಟ್ಟೀತು. ಗಣಕಯಂತ್ರದ ಫಲಕದ ಮೇಲೆ ಲೇಖನಿಯಿಂದ ಬರೆಯುವ ಡಿಜಿಟಲ್ ಚಿತ್ರಕಲೆ ಬಂದಮೇಲೆ ಈ ಎರಡನೆಯ ಬಗೆಯ ಅಭಿಪ್ರಾಯಕ್ಕೆ ಅವಕಾಶ ಹೆಚ್ಚಿದೆ. ಚಿತ್ರವು ಅರ್ಧದಲ್ಲಿರುವಾಗಲೇ ಹತ್ತು ಜನರ ಕಣ್ಣಿಗೆ ಬೀಳುವುದು. ಹತ್ತು ಮಾತುಗಳು ಬರುವುವು. ಅವುಗಳಲ್ಲಿ ಯಾವುದನ್ನು ಹೇಳತಕ್ಕದ್ದು, ಯಾವುದನ್ನು ಕೇಳತಕ್ಕದ್ದು ಎಂಬುದನ್ನು ವಿಚಾರಿಸಲು ಕುದುರೆಯ ಚಿತ್ರಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಕುದುರೆಯು ಎಲ್ಲರೂ ಬಲ್ಲೆವೆಂದುಕೊಂಡಿರುವ ಪ್ರಾಣಿ. ಆದರೆ ಬರೆಯಲು ಕುಳಿತಾಗ ಅದರ ಅಂಗಾಂಗಗಳೆಲ್ಲ ಮೋಸಮಾಡುವುವು. ಮುಂಗಾಲಿನಲ್ಲಿ ಮೊಣಕಾಲೆಂದು ಕಾಣುವುದು ನಿಜವಾಗಿ ಮನುಷ್ಯನ ಮಣಿಕಟ್ಟಿಗೆ ಸಮನಾದ ಗಂಟು. ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಗಂಟು ಮನುಷ್ಯನ ಹಿಮ್ಮಡಿಗೆ ಸಮ. ಅದರ ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ ಮೇಲೆ ಅಡಗಿರುವುದು. ಗೊರಸೆಂಬುದು ನಡುಬೆರಳಿನ ಉಗುರು. ಇಷ್ಟು ದೊಡ್ಡ ಮೈಯನ್ನು ಹೊತ್ತ ಪ್ರಾಣಿಯು ಒಂದೊಂದು ಕಾಲಿಗೆ ಒಂದೊಂದೇ ಬೆರಳಿನ ಮೇಲೆ ನಿಂತಿರುವುದು. ಇದನ್ನರಿಯದವನು ಕುದುರೆಯ ಕಾಲಿಗೆ ಮನುಷ್ಯನ ಕಾಲಿನ ಮಡಿಕೆಯನ್ನು ಕೊಡುವನು. ತನ್ನ ಕೈಯ ಅಳುಕನ್ನು ತಾನೇ ಅರಿತವನು ಗೊರಸುಗಳನ್ನೆಲ್ಲ ಹುಲ್ಲಿನಲ್ಲಿ ಮುಚ್ಚಿಬಿಡುವನು.

ನಡಿಗೆಯ ಕ್ರಮವಂತೂ ಇನ್ನೂ ಸೂಕ್ಷ್ಮವಾದುದು. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮದಲ್ಲಿ ಕುದುರೆ ಹೆಜ್ಜೆಯಿಡುವುದು. ಹಂಗೇರಿಯ ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ನಾಲ್ಕು ಕಾಲಿನ ಪ್ರಾಣಿಗಳ ನಡಿಗೆಯನ್ನು ತೋರಿಸುವ ಒಂದು ಸಾವಿರ ಕಲಾಕೃತಿಗಳನ್ನು ಈ ಕ್ರಮಕ್ಕೆ ಹೋಲಿಸಿ ನೋಡಿದರು. ಆದಿಮಾನವನ ಗುಹಾಚಿತ್ರಗಳಲ್ಲಿ ನೂರಕ್ಕೆ ಸುಮಾರು 46 ತಪ್ಪಿದ್ದರೆ, ಚಲನೆಯ ಛಾಯಾಚಿತ್ರಗಳು ಹುಟ್ಟುವುದಕ್ಕೆ ಮುಂಚಿನ ನಾಗರಿಕ ಕಾಲದ ಕೃತಿಗಳಲ್ಲಿ ನೂರಕ್ಕೆ ಸುಮಾರು 83 ತಪ್ಪಿದ್ದುವು. ಆಮೇಲಿನವುಗಳಲ್ಲಿಯೂ ನೂರಕ್ಕೆ ಸುಮಾರು 58 ತಪ್ಪೇ. ಹೆಸರಾಂತವರ ಕುಂಚಕ್ಕೇ ಇಂತಹ ಗತಿಯಾದಮೇಲೆ ಹೊಸಬನ ಲೇಖನಿ ಜಾರಿದರೆ ಹಾಸ್ಯಮಾಡಲು ಕಾರಣವಿಲ್ಲ. ತಪ್ಪನ್ನು ತೋರಿಸುವುದಕ್ಕೆ ಮಾತ್ರ ಕಾರಣವುಂಟು.

ತೋರಿಸುವವನ ಅಧಿಕಾರವೆಷ್ಟು? ಈ ಪ್ರಶ್ನೆಗೆ ರೋಮಿನ ಪ್ಲಿನಿಯು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಬರೆದಿಟ್ಟ ಎರಡು ಕಥೆಗಳು ಉತ್ತರ ಕೊಡುವುವು. ಗ್ರೀಕ್ ಚಿತ್ರಕಾರನಾದ ಅಪೆಲೀಸನು ತನ್ನ ಚಿತ್ರಗಳನ್ನು ದಾರಿಹೋಕರ ಮುಂದಿಟ್ಟು, ಮರೆಯಲ್ಲಿ ನಿಂತು ಅವರ ಮಾತನ್ನು ಕೇಳುತ್ತಿದ್ದನಂತೆ. ಒಬ್ಬ ಚಮ್ಮಾರನು ಚಿತ್ರದ ಪಾದರಕ್ಷೆಯಲ್ಲಿ ಒಂದು ಕುಣಿಕೆ ಕಡಿಮೆಯಿದೆಯೆಂದನು, ಅಪೆಲೀಸನು ತಿದ್ದಿದನು. ಮರುದಿನ ಅದೇ ಚಮ್ಮಾರನು ಹಿಗ್ಗಿನಿಂದ ಕಾಲಿನ ರೂಪಕ್ಕೂ ಕೊಂಕು ತೆಗೆದಾಗ, ಪಾದರಕ್ಷೆಗಿಂತ ಮೇಲಕ್ಕೆ ಹೋಗಬೇಡವೆಂದು ತಡೆದನು. ಇನ್ನೊಂದು ಕಥೆಯಲ್ಲಿ ಕುದುರೆಯ ಚಿತ್ರದ ಸ್ಪರ್ಧೆ ನಡೆಯುವುದು. ತೀರ್ಪುಗಾರರಲ್ಲಿ ನಂಬಿಕೆಯಿಲ್ಲದೆ ಅಪೆಲೀಸನು ಜೀವಂತ ಕುದುರೆಗಳನ್ನೇ ತರಿಸಿ ಚಿತ್ರಗಳನ್ನು ತೋರಿಸಲು, ಅವು ಅವನ ಚಿತ್ರದ ಮುಂದೆ ಮಾತ್ರ ಕೆನೆದುವಂತೆ. ಕಥೆಗಳ ಸತ್ಯಾಸತ್ಯ ಹೇಗಾದರೂ ಇರಲಿ. ಅವುಗಳ ಭಾವ ಸ್ಪಷ್ಟವಾಗಿದೆ. ತಾನು ಬಲ್ಲ ಭಾಗದಲ್ಲಿ ಸಾಮಾನ್ಯನ ಮಾತೂ ಮಾನ್ಯ; ತಾನು ಅರಿಯದ ಭಾಗದಲ್ಲಿ ಅದೇ ಬಾಯಿಯ ಮಾತು ಅಮಾನ್ಯ. ಎಲ್ಲಕ್ಕೂ ಮೇಲೆ ಕುದುರೆಯೇ ಸಾಕ್ಷಿ.

ಈ ಎಲ್ಲೆಯನ್ನು ಮರೆತರೆ ಆಗುವ ಅನ್ಯಾಯಕ್ಕೆ ಒಂದು ಉದಾಹರಣೆ ಸಾಕು. ರಾಜಸ್ಥಾನದ ಮಾರವಾಡಿ ಜಾತಿಯ ಕುದುರೆಗಳ ಕಿವಿಗಳು ಒಳಮುಖವಾಗಿ ಬಾಗಿ ತುದಿಯಲ್ಲಿ ಒಂದನ್ನೊಂದು ಮುಟ್ಟುವಂತಿರುವುವು. ಅಂತಹ ಕುದುರೆಯನ್ನು ಕಣ್ಣಾರೆ ಕಂಡು ಬರೆದವನ ಚಿತ್ರವನ್ನು ನೋಡಿ, ವಿದೇಶದ ಕುದುರೆಗಳನ್ನಷ್ಟೇ ಬಲ್ಲವನು ಕಿವಿ ಸೊಟ್ಟಗಾಗಿದೆ, ನೆಟ್ಟಗೆ ಮಾಡು ಎಂದರೆ, ಅವನು ಚಿತ್ರದ ಪ್ರಾಣವನ್ನೇ ತೆಗೆಯಹೇಳಿದಂತಾಗುವುದು. ಆದುದರಿಂದ ದೋಷವನ್ನು ಹೇಳುವುದಕ್ಕೆ ಮುಂಚೆ ಇದು ಯಾವ ಕುದುರೆ, ಇದರಲ್ಲಿ ಬರೆದವನ ಉದ್ದೇಶವೇನು ಎಂದು ಕೇಳಿಕೊಳ್ಳುವುದು ವಿಮರ್ಶಕನ ಮೊದಲನೆಯ ಧರ್ಮ.

ಉದ್ದೇಶದ ಮಾತು ಬಂದಾಗ ಅಶ್ವಚಿತ್ರದ ಚರಿತ್ರೆಯ ಒಂದು ಪ್ರಸಿದ್ಧ ವಿವಾದವನ್ನು ನೆನೆಯಬೇಕು. ಫ್ರಾನ್ಸಿನ ಜೆರಿಕೋ ಎಂಬವನು 1821ರಲ್ಲಿ ಎಪ್ಸಮ್ಮಿನ ಕುದುರೆ ಜೂಜನ್ನು ಚಿತ್ರಿಸಿದನು. ಅದು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವುದು. ಅದರಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತಿರುವುವು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲೆಲಂಡ್ ಸ್ಟಾನ್‌ಫರ್ಡನ ಆಶ್ರಯದಲ್ಲಿ ಮೈಬ್ರಿಜ್ ಎಂಬವನು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ ನಾಗಾಲೋಟದ ಛಾಯೆಗಳನ್ನು ತೆಗೆದನು. ನಾಲ್ಕು ಗೊರಸುಗಳೂ ನೆಲವನ್ನು ಬಿಡುವ ಕ್ಷಣವೊಂದುಂಟು, ಆದರೆ ಆಗ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಕೂಡಿಕೊಂಡಿರುವುವು ಎಂಬುದು ಅದರಿಂದ ಸಿದ್ಧವಾಯಿತು. ತಲೆತಲಾಂತರದಿಂದ ಬರೆಯುತ್ತ ಬಂದ ಓಟವು ಒಂದೇ ದಿನದಲ್ಲಿ ತಪ್ಪೆನಿಸಿತು.

ಈ ತೀರ್ಪನ್ನು ಇಬ್ಬರು ಕಲಾವಿದರು ಎರಡು ಬಗೆಯಾಗಿ ಸ್ವೀಕರಿಸಿದರು. ಮೆಸೋನಿಯೇ ಎಂಬ ಫ್ರೆಂಚ್ ಚಿತ್ರಕಾರನು ಕುದುರೆಯ ಓಟವನ್ನು ನೋಡುವುದಕ್ಕೆಂದೇ ಹಳಿಗಳನ್ನು ಹಾಸಿಸಿ, ಬಂಡಿಯಲ್ಲಿ ಕುಳಿತು ಅದರ ಪಕ್ಕದಲ್ಲಿ ಸಾಗುತ್ತ ಕಾಲುಗಳನ್ನು ಗಮನಿಸುತ್ತಿದ್ದವನು. ಅಷ್ಟು ಶ್ರಮಪಟ್ಟವನಾದರೂ 1881ರಲ್ಲಿ ಮೈಬ್ರಿಜನನ್ನು ಪ್ಯಾರಿಸಿನ ತನ್ನ ಮನೆಗೆ ಬರಮಾಡಿಕೊಂಡು, ಕಲಾವಿದರನ್ನು ಕೂಡಿಸಿ, ಆ ಛಾಯೆಗಳನ್ನು ತೋರಿಸಿದನು. ಶಿಲ್ಪಿಯಾದ ರೋಡಿನನಾದರೋ 1911ರಲ್ಲಿ ಪ್ರಕಟವಾದ ತನ್ನ ಸಂಭಾಷಣೆಗಳಲ್ಲಿ ಜೆರಿಕೋವಿನ ಪಕ್ಷವನ್ನು ಹಿಡಿದನು. ಕಾಲವು ನಿಲ್ಲುವುದಿಲ್ಲ, ಅದನ್ನು ನಿಲ್ಲಿಸಿ ತೋರಿಸುವ ಛಾಯಾಚಿತ್ರವೇ ಸುಳ್ಳಾಡುವುದು, ಕಣ್ಣು ಹಿಂಗಾಲಿನಿಂದ ಮುಂಗಾಲಿಗೆ ಸರಿದಂತೆ ನೂಕುವಿಕೆ, ಚಾಚುವಿಕೆ, ನೆಲವನ್ನು ಮುಟ್ಟುವಿಕೆ ಒಂದಾದ ಮೇಲೊಂದು ಕಾಣುವುದರಿಂದ ಚಿತ್ರಕಾರನೇ ಸತ್ಯವಂತನೆಂಬುದು ಅವನ ವಾದದ ಸಾರ.

ಇವರಲ್ಲಿ ಯಾರು ಸರಿ? ಇಬ್ಬರೂ ಸರಿಯೆಂದರೆ ಜಾರಿಕೆಯ ಮಾತೆಂದು ತೋರಬಹುದು. ಆದರೆ ಇಲ್ಲಿ ಅದೇ ನಿಜ. ಮೆಸೋನಿಯೇ ಒಂದು ಯುದ್ಧವನ್ನು ನಡೆದಂತೆ ಕಾಣಿಸಬೇಕೆಂದವನು. ಅವನಿಗೆ ಕಾಲಿನ ತಪ್ಪು ತಪ್ಪೇ. ಜೆರಿಕೋವಿಗೆ ವೇಗ ಬೇಕಾಗಿತ್ತು. ಅವನ ಕುದುರೆಗಳು ವೇಗವನ್ನು ಕೊಡುವುವು. ಕನ್ನಡದ ಲಾಕ್ಷಣಿಕರಿಗೆ ಈ ವಿಚಾರ ಹೊಸತಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದಕ್ಕೆ ದೋಷ ಅದೋಷಗಳ ನಿರ್ಣಯವೇ ವಿಷಯವಾಗಿರುವುದು. ಹಳೇಬೀಡಿನ ಗುಡಿಯ ತಳಪಟ್ಟಿಕೆಗಳಲ್ಲಿ ಸಾಲುಸಾಲಾಗಿ ಹೋಗುವ ರಾವುತರ ಕುದುರೆಗಳನ್ನು ಪಶುವೈದ್ಯನ ಅಳತೆಗೋಲಿನಿಂದ ಅಳೆಯುವುದು ಸಲ್ಲದು. ಅಲ್ಲಿ ಸಾಲಿನ ಓಟವೇ ಮುಖ್ಯ. ಆದರೆ ಈ ಮಾತನ್ನು ಹಿಡಿದು ಅಜ್ಞಾನವನ್ನೆಲ್ಲ ಶೈಲಿಯೆಂದು ಸಮರ್ಥಿಸಲು ಬಾರದು. ಇಂಗ್ಲೆಂಡಿನ ಸ್ಟಬ್ಸನು ಸತ್ತ ಕುದುರೆಗಳನ್ನು ತಿಂಗಳುಗಟ್ಟಲೆ ಕೊಯ್ದು ನೋಡಿ, 1766ರಲ್ಲಿ ಅವುಗಳ ಅಂಗರಚನೆಯ ಗ್ರಂಥವನ್ನು ಪ್ರಕಟಿಸಿದವನು. ಸುಮಾರು 1762ರಲ್ಲಿ ಅವನು ಬರೆದ ವಿಸಲ್‌ಜಾಕೆಟ್ ಎಂಬ ಕುದುರೆಯ ಚಿತ್ರಕ್ಕೆ ಹಿನ್ನೆಲೆಯಲ್ಲಿ ಬೆಟ್ಟವಿಲ್ಲ, ಮರವಿಲ್ಲ, ಆಕಾಶವೂ ಇಲ್ಲ. ಬಲ್ಲವನು ಬೇಡವೆಂದು ಬಿಟ್ಟುದಕ್ಕೂ, ಅರಿಯದವನು ಬಾರದೆ ಬಿಟ್ಟುದಕ್ಕೂ ಇರುವ ಭೇದವನ್ನು ಕಾಣುವುದೇ ವಿಮರ್ಶಕನ ಕಣ್ಣಿನ ಕೆಲಸ.

ಈ ವಿವೇಕವು ಡಿಜಿಟಲ್ ಚಿತ್ರದಲ್ಲಿ ಎಂದಿಗಿಂತ ಹೆಚ್ಚಾಗಿ ಬೇಕು. ಏಕೆಂದರೆ ಅಲ್ಲಿ ತಿದ್ದುವುದು ಬಹಳ ಸುಲಭ. ಫೋಟೋಶಾಪ್ ಎಂಬ ಸಾಧನಕ್ಕೆ 1994ರಲ್ಲಿ ಲೇಯರ್ ಎಂಬ ಪದರಗಳ ಸೌಕರ್ಯ ಬಂದಿತು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಇದರ ಬಗೆ. ಕೆಳಗಿನ ಚಿತ್ರ ಕೆಡದಂತೆ ಮೇಲಿನ ಪದರದಲ್ಲಿ ಬರೆಯಬಹುದು, ಬೇಡವಾದಾಗ ಅದನ್ನು ಮರೆಮಾಡಬಹುದು. ಹೀಗಾಗಿ ವಿಮರ್ಶಕನು ಬಾಯಿಂದ ಹೇಳುವುದನ್ನು ಬಿಟ್ಟು, ಇನ್ನೊಬ್ಬನ ಕುದುರೆಯ ಮೇಲೆ ಕೆಂಪು ಗೆರೆಗಳಿಂದ ತನ್ನ ಕುದುರೆಯನ್ನು ಬರೆದು ತೋರಿಸುವ ವಾಡಿಕೆ ಬೆಳೆದಿದೆ. ಇದರಿಂದ ಲಾಭವುಂಟು. ಹಿಂಗಾಲಿನ ಗಂಟು ಎರಡು ಅಂಗುಲ ಕೆಳಗಿದೆ ಎಂದು ನಾಲ್ಕು ವಾಕ್ಯಗಳಲ್ಲಿ ಹೇಳುವುದನ್ನು ಒಂದು ಗೆರೆ ಹೇಳಬಲ್ಲುದು. ಹಾನಿಯೂ ಉಂಟು. ಗಂಟಿನ ಜಾಗವನ್ನು ತೋರಿಸಲು ತೊಡಗಿದ ಕೈ ಅಲ್ಲಿಗೆ ನಿಲ್ಲದೆ ಕತ್ತನ್ನು ಬಾಗಿಸುವುದು, ಬೆನ್ನನ್ನು ಕುಗ್ಗಿಸುವುದು, ಕೊನೆಗೆ ಬಾಲವನ್ನೂ ಹಾರಿಸುವುದು. ನೋಡುವವರೆಲ್ಲ ಮೇಲಿನ ಪದರವನ್ನು ಹೊಗಳುವರು. ಕಲಿಯುವವನು ಅದರ ಮೇಲೆಯೇ ಗೆರೆ ಎಳೆದುಕೊಳ್ಳುವನು. ಚಿತ್ರ ಚೆನ್ನಾಗುವುದು, ಆದರೆ ಅದು ಅವನದಲ್ಲ, ಅದರಿಂದ ಅವನು ಕಲಿತದ್ದೂ ಇಲ್ಲ. ಆದುದರಿಂದ ಕೆಂಪು ಗೆರೆಯು ಎಲುಬಿನ ಜಾಗವನ್ನೂ, ಮೈಭಾರ ಬೀಳುವ ಜಾಗವನ್ನೂ ತೋರಿಸಿ ನಿಲ್ಲತಕ್ಕದ್ದು. ಮೈಯನ್ನು ತುಂಬುವ ಹಕ್ಕು ಬರೆದವನದು. ಕೇಳದೆ ಇನ್ನೊಬ್ಬನ ಚಿತ್ರದ ಮೇಲೆ ಬರೆಯುವುದಂತೂ, ಸ್ವತಂತ್ರ ಪದರದಲ್ಲಾದರೂ, ಸಭ್ಯತೆಯಲ್ಲ.

ಹೇಳುವುದಕ್ಕೆ ಒಂದು ಅನುಕ್ರಮವೂ ಇರಬೇಕು. ಫಲಕದ ಮೇಲೆ ಚಿತ್ರವನ್ನು ಬೇಕಾದಷ್ಟು ಹಿಗ್ಗಿಸಬಹುದಾದುದರಿಂದ, ನೋಡುವವನು ಕಣ್ಣಿನ ರೆಪ್ಪೆಯಲ್ಲಿ ತಪ್ಪು ಹುಡುಕುತ್ತಿರುವಾಗ ಕುದುರೆಯೇ ಮುಗ್ಗರಿಸುವಂತೆ ನಿಂತಿರುವುದನ್ನು ಕಾಣದೆಹೋಗುವನು. ಜೂಲಿನ ಕೂದಲನ್ನು ಒಂದೇ ಎಳೆತದಲ್ಲಿ ಮೂಡಿಸುವ ಸಿದ್ಧ ಕುಂಚಗಳೂ ಅಲ್ಲಿರುವುವು. ಸೊಗಸಾದ ಜೂಲು ಕತ್ತಿನ ತಪ್ಪನ್ನು ಮುಚ್ಚಿಬಿಡುವುದು. ಚಿತ್ರವನ್ನು ಮೊದಲು ಅಂಗೈಯಷ್ಟು ಚಿಕ್ಕದಾಗಿಸಿ ನೋಡಬೇಕು. ಅದರ ನಿಲುವು, ಆಮೇಲೆ ಕೀಲುಗಳು, ಆಮೇಲೆ ಬೆಳಕು ನೆರಳು, ಕಟ್ಟಕಡೆಗೆ ಕೂದಲು: ಹೀಗೆ ಹೋದರೆ ಒಂದು ದೊಡ್ಡ ಮಾತಿನಿಂದ ಹತ್ತು ಸಣ್ಣ ಮಾತುಗಳು ಉಳಿಯುವುವು. ಕನ್ನಡಿಯಲ್ಲಿ ನೋಡಿದರೆ ತನ್ನ ತಪ್ಪು ಪರರದಾಗಿ ಕಂಡು ಸುಲಭವಾಗಿ ತಿಳಿಯುವುದೆಂದು ಲಿಯೊನಾರ್ಡೊ ಚಿತ್ರಕಾರರಿಗೆ ಬರೆದಿಟ್ಟನು. ಈಗ ಒಂದು ಕೀಲಿಯನ್ನೊತ್ತಿದರೆ ಚಿತ್ರವು ಎಡಬಲವಾಗಿ ತಿರುಗುವುದು. ಪರರನ್ನು ಕೇಳುವ ಮುಂಚೆ ಈ ಪರೀಕ್ಷೆಯನ್ನು ಕೃತಿಕಾರನು ತಾನೇ ಮಾಡಿಕೊಳ್ಳುವುದು ಲೇಸು.

ಹೊಗಳಿಕೆಯ ವಿಷಯದಲ್ಲಿಯೂ ಇದೇ ನ್ಯಾಯ. ಬಹಳ ಚೆನ್ನಾಗಿದೆ ಎಂಬ ಮಾತು ಕಿವಿಗೆ ಇಂಪು. ಕೈಗೆ ಅದರಿಂದ ಪ್ರಯೋಜನವಿಲ್ಲ. ಎದೆಯಿಂದ ಕತ್ತು ಏಳುವ ಬಗೆಯಲ್ಲಿ ಬಲ ಕಾಣುವುದು ಎಂದರೆ, ಬರೆದವನು ಮುಂದಿನ ಚಿತ್ರದಲ್ಲಿ ಆ ಬಲವನ್ನು ಕಾಪಾಡಿಕೊಳ್ಳುವನು. ಗುಣವನ್ನು ಗುರುತಿಸದೆ ದೋಷವನ್ನಷ್ಟೇ ಎಣಿಸಿದರೆ, ತಿದ್ದುವ ಆತುರದಲ್ಲಿ ಗುಣವೂ ಅಳಿಸಿಹೋಗುವುದು. ಆದುದರಿಂದ ಗುಣವನ್ನು ಹೇಳುವುದು ದಾಕ್ಷಿಣ್ಯವಲ್ಲ. ಏನನ್ನು ಮುಟ್ಟಬಾರದೆಂಬ ಎಚ್ಚರಿಕೆ.

ಇನ್ನು ಕೇಳುವವನ ಕರ್ತವ್ಯ. ಅಭಿಪ್ರಾಯವನ್ನು ಬೇಡುವವನು ತನಗೆ ಬೇಕಾದುದನ್ನು ಬಾಯಿಬಿಟ್ಟು ಹೇಳಬೇಕು. ಹೇಗಿದೆ ಎಂದು ಕೇಳಿದವನಿಗೆ ಹೇಗೋ ಇರುವ ಉತ್ತರವೇ ಬರುವುದು. ಇಳಿಜಾರಿನಲ್ಲಿ ಇಳಿಯುವ ಕುದುರೆಯ ಭಾರ ಹಿಂಗಾಲಿನ ಮೇಲೆ ಬಿದ್ದಂತೆ ಕಾಣುವುದೇ ಎಂದು ಕೇಳಿದವನಿಗೆ ಉಪಯುಕ್ತವಾದ ಮಾತು ದೊರೆಯುವುದು. ಬಂದ ಮಾತುಗಳನ್ನು ಮೂರಾಗಿ ವಿಂಗಡಿಸಿಕೊಳ್ಳಬೇಕು. ಕಾಲಿನ ಕೀಲು, ಹೆಜ್ಜೆಯ ಕ್ರಮ ಮುಂತಾದ ವಸ್ತುಸ್ಥಿತಿಯ ಮಾತನ್ನು ಜೀವಂತ ಕುದುರೆಯಲ್ಲಿಯೋ ಛಾಯಾಚಿತ್ರದಲ್ಲಿಯೋ ಪರೀಕ್ಷಿಸಿ ಒಪ್ಪಬೇಕು. ಅಲ್ಲಿ ಮಾನಾಪಮಾನದ ಪ್ರಶ್ನೆಯಿಲ್ಲ. ಉದ್ದೇಶ ಕೈಗೂಡಲಿಲ್ಲವೆಂಬ ಮಾತನ್ನು ಶಾಂತವಾಗಿ ತೂಗಿನೋಡಬೇಕು. ಮೂವರು ಒಂದೇ ಜಾಗವನ್ನು ತೋರಿಸಿ ಮೂರು ಬೇರೆ ಬೇರೆ ಮದ್ದು ಹೇಳಿದರೆ, ರೋಗವಿರುವುದು ನಿಜ. ಮದ್ದನ್ನು ತಾನೇ ಹುಡುಕಬೇಕು. ಬೇರೆಯೇ ಚಿತ್ರವನ್ನು ಬರೆಯಹೇಳುವ ಮಾತಾದರೆ ಅದನ್ನು ವಂದನೆಯೊಡನೆ ಬಿಟ್ಟುಬಿಡಬಹುದು. ಹಳೆಯ ಪ್ರತಿಯನ್ನು ಉಳಿಸಿಕೊಂಡು ಹೊಸತನ್ನು ಪ್ರಯತ್ನಿಸುವ ಅನುಕೂಲ ಈ ಸಾಧನದಲ್ಲಿರುವುದರಿಂದ, ತಿದ್ದಿ ನೋಡುವುದರಲ್ಲಿ ನಷ್ಟವೇನೂ ಇಲ್ಲ.

ಕುದುರೆಯನ್ನು ಪಳಗಿಸುವವನು ಲಗಾಮನ್ನು ಜಗ್ಗುವುದು ಅದರ ನಡಿಗೆಯನ್ನು ತಿದ್ದುವುದಕ್ಕೆ, ಅದರ ಬದಲು ತಾನು ನಡೆಯುವುದಕ್ಕಲ್ಲ. ಚಿತ್ರದ ವಿಮರ್ಶಕನಿಗೂ ಇಷ್ಟೇ ಅಧಿಕಾರ. ಅವನ ಮಾತನ್ನು ಕೇಳಿದಮೇಲೆ ಬರೆದವನು ಮತ್ತೆ ಲೇಖನಿ ಹಿಡಿದು, ಹುಲ್ಲಿನಲ್ಲಿ ಮುಚ್ಚಿಟ್ಟಿದ್ದ ಗೊರಸುಗಳನ್ನು ಹೊರತೆಗೆದು ನೆಲದ ಮೇಲೆ ಊರಿಸಿದರೆ, ಆ ಮಾತು ಸಾರ್ಥಕವಾಯಿತೆಂದು ತಿಳಿಯಬಹುದು.