ಎರಡು ಭಾಷಣಗಳು: ವಾಚ್ಯವೂ ವ್ಯಂಗ್ಯವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಫಿಲಡೆಲ್ಫಿಯಾ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಾಗಿವೆ. ಪೆನ್ಸಿಲ್ವೇನಿಯಾ ಸಂಸ್ಥಾನದ ಫಿಲಡೆಲ್ಫಿಯಾ ಲೋಕವಿಖ್ಯಾತವಾದ ಮಹಾನಗರ. ಆ ದೇಶದ ರಾಜ್ಯಾಂಗವು 1787ರಲ್ಲಿ ರಚಿತವಾದುದು ಅಲ್ಲಿಯೇ. ಮಿಸಿಸಿಪ್ಪಿಯ ಫಿಲಡೆಲ್ಫಿಯಾವಾದರೋ ಒಂದು ಸಣ್ಣ ಪೇಟೆ. ಅದರ ಹೆಸರು ಹೊರಗಿನವರ ಕಿವಿಗೆ ಬಿದ್ದುದು ಒಂದು ಘೋರಕೃತ್ಯದ ದೆಸೆಯಿಂದ. ಅಧ್ಯಕ್ಷ ಪದವಿಯನ್ನು ಅಪೇಕ್ಷಿಸಿದ ಇಬ್ಬರು, ಒಬ್ಬರು 1980ರಲ್ಲಿ ಆ ಪೇಟೆಯ ಬಳಿಯಲ್ಲಿ, ಮತ್ತೊಬ್ಬರು 2008ರಲ್ಲಿ ಆ ಮಹಾನಗರದಲ್ಲಿ, ಮಾಡಿದ ಭಾಷಣಗಳನ್ನು ಒಟ್ಟಿಗೆ ಇಟ್ಟು ನೋಡತಕ್ಕದ್ದು. ವರ್ಣದ್ವೇಷವು ಆ ದೇಶದ ಚುನಾವಣೆಗಳಲ್ಲಿ ಬಾಯಿಬಿಡದೆಯೇ ಹೇಗೆ ಕೆಲಸ ಮಾಡುತ್ತದೆಂಬುದು ಆಗ ಸ್ಪಷ್ಟವಾಗುತ್ತದೆ.

1964ನೆಯ ಜೂನ್ 21ರಂದು, ಕಪ್ಪು ಜನರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸುವ ಚಳವಳಿಯಲ್ಲಿದ್ದ ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ತರುಣರನ್ನು ಮಿಸಿಸಿಪ್ಪಿಯ ಆ ಪೇಟೆಯ ಸಮೀಪದಲ್ಲಿ ಕೊಂದರು. ಕೊಂದವರಲ್ಲಿ ಕು ಕ್ಲುಕ್ಸ್ ಕ್ಲಾನ್ ಎಂಬ ಗುಪ್ತಕೂಟದವರಿದ್ದರು. ಪೋಲೀಸಿನ ಅಧಿಕಾರಿಯೊಬ್ಬನ ಕೈಯೂ ಅದರಲ್ಲಿತ್ತು. ಆಗಸ್ಟ್ 4ರಂದು ಶವಗಳು ಮಣ್ಣಿನ ಕಟ್ಟೆಯೊಂದರ ಅಡಿಯಲ್ಲಿ ಸಿಕ್ಕಿದುವು. ಹದಿನಾರು ವರ್ಷಗಳು ತುಂಬಲು ಒಂದು ದಿನ ಉಳಿದಿರುವಾಗ, ಎಂದರೆ 1980ನೆಯ ಆಗಸ್ಟ್ 3ರಂದು, ರೊನಾಲ್ಡ್ ರೇಗನ್ನರು ಅಲ್ಲಿಗೆ ಕೆಲವೇ ಮೈಲಿ ದೂರದ ನೆಷೋಬಾ ಜಾತ್ರೆಯಲ್ಲಿ ಮಾತನಾಡಿದರು. ಬೆಲೆಯೇರಿಕೆ, ಸರ್ಕಾರದ ದುಂದು, ಒಂದೆರಡು ವಿನೋದದ ಕಥೆಗಳು. ಇವುಗಳ ನಡುವೆ, ತಮಗೆ 'ಸಂಸ್ಥಾನಗಳ ಹಕ್ಕಿ'ನಲ್ಲಿ ನಂಬಿಕೆಯಿದೆಯೆಂದು ಒಂದು ಮಾತು. ಭಾಷಣದಲ್ಲಿ ವರ್ಣದ ಪ್ರಸ್ತಾಪವಿಲ್ಲ. ಸತ್ತ ಮೂವರ ನೆನಪೂ ಇಲ್ಲ.

ಕೋಶವನ್ನು ತೆಗೆದು ನೋಡಿದರೆ ಆ ಮಾತು ನಿರ್ದುಷ್ಟವಾದುದು. ಕೇಂದ್ರಕ್ಕೂ ಸಂಸ್ಥಾನಗಳಿಗೂ ಅಧಿಕಾರವನ್ನು ಹಂಚುವುದು ರಾಜ್ಯಾಂಗದ ವಿಷಯವಷ್ಟೆ. ಆದರೆ ದಕ್ಷಿಣದ ಸಂಸ್ಥಾನಗಳಲ್ಲಿ ಈ ಪದಪುಂಜವು ಮೊದಲು ಗುಲಾಮಗಿರಿಗೂ, ಅದು ಹೋದಮೇಲೆ ಕಪ್ಪು ಜನರನ್ನು ಶಾಲೆ, ಬಂಡಿ, ಮತಗಟ್ಟೆಗಳಿಂದ ದೂರವಿಡುವ ಕಟ್ಟಳೆಗಳಿಗೂ ಗುರಾಣಿಯಾಗಿತ್ತು. 1948ರಲ್ಲಿ ಸ್ಟ್ರಾಮ್ ಥರ್ಮಂಡರು ಡೆಮೊಕ್ರಾಟಿಕ್ ಪಕ್ಷವನ್ನೊಡೆದು ಕಟ್ಟಿದ ಪಕ್ಷವು ಇದನ್ನೇ ತನ್ನ ಹೆಸರಿನಲ್ಲಿ ಧರಿಸಿ, ಮಿಸಿಸಿಪ್ಪಿಯೂ ಸೇರಿದಂತೆ ನಾಲ್ಕು ಸಂಸ್ಥಾನಗಳನ್ನು ಗೆದ್ದಿತು. ಜಾತ್ರೆಯಲ್ಲಿ ಕುಳಿತಿದ್ದ ಮುದುಕರಿಗೆ ಇದು ಮರೆತ ಸಂಗತಿಯಾಗಿರಲಾರದು.

ನಮ್ಮ ಆಲಂಕಾರಿಕರಿಗೆ ಇಂತಹ ಮಾತಿನ ಗತಿ ಅಪರಿಚಿತವಲ್ಲ. ಸೂರ್ಯನು ಮುಳುಗಿದನೆಂಬ ಒಂದೇ ವಾಕ್ಯವು ಕಳ್ಳನಿಗೆ ಒಂದು, ದನಗಾಹಿಗೆ ಒಂದು, ಅಭಿಸಾರಿಕೆಗೆ ಮತ್ತೊಂದು ಅರ್ಥವನ್ನು ಕೊಡುವುದೆಂಬುದನ್ನು ಅಲಂಕಾರಶಾಸ್ತ್ರವನ್ನು ಓದಿದವರೆಲ್ಲ ಬಲ್ಲರು. ಹೇಳುವವನು ಯಾರು, ಕೇಳುವವನು ಯಾರು, ದೇಶವಾವುದು, ಕಾಲವಾವುದು ಎಂಬಿವುಗಳಿಂದ ವ್ಯಂಗ್ಯಾರ್ಥವು ಹೊರಡುವುದೆಂದು ಮಮ್ಮಟನು ವಿಧಿಸಿದ್ದಾನೆ. ನೆಷೋಬಾ ಭಾಷಣದಲ್ಲಿ ಈ ಸಾಮಗ್ರಿಯೆಲ್ಲವೂ ಕೂಡಿಬಂದಿದೆ. ರೇಗನ್ನರ ಕಡೆಯವರ ಪೂರ್ವಪಕ್ಷವೂ ಉಂಟು: ಮಾತು ರಾಜ್ಯಾಂಗಸಮ್ಮತ; ಎರಡೇ ದಿನಗಳ ಮೇಲೆ ಅವರು ನ್ಯೂಯಾರ್ಕಿನಲ್ಲಿ ಕಪ್ಪು ಜನರ ಏಳಿಗೆಗಾಗಿ ದುಡಿಯುವ ಅರ್ಬನ್ ಲೀಗಿನ ಮುಂದೆ ಮಾತನಾಡಿದರು; ಉಳಿದುದೆಲ್ಲ ಕೇಳಿದವರ ಊಹೆ. ಇದು ಮಹಿಮಭಟ್ಟನ ವಾದವೇ ಸರಿ. ಧ್ವನಿಯೆಂಬುದು ಬೇರೆ ಇಲ್ಲ, ಎಲ್ಲವೂ ಅನುಮಾನವೆಂದು ಅವನೂ ಹೇಳಿದನು. ಆದರೆ ಅನುಮಾನವೆಂದೇ ಒಪ್ಪಿದರೂ, ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದವನದು ತಪ್ಪಾಗುವುದಿಲ್ಲ. ವಕ್ತೃವಿನ ಅಂತರಂಗವನ್ನು ಶೋಧಿಸುವುದು ವಿಮರ್ಶೆಯ ಕೆಲಸವಲ್ಲ; ಆ ಮಾತು ಆ ಮಣ್ಣಿನಲ್ಲಿ ಏನನ್ನು ಎಬ್ಬಿಸಿತೆಂಬುದನ್ನು ನೋಡುವುದು ಅದರ ಕೆಲಸ.

ಕವಿಗೂ ಉಮೇದುವಾರನಿಗೂ ಇಲ್ಲಿ ದೊಡ್ಡ ಅಂತರವಿದೆ. ಕವಿಯು ಅರ್ಥವನ್ನು ಮರೆಯಲ್ಲಿಡುವುದು ಸಹೃದಯನು ಅದನ್ನು ಸವಿಯಲೆಂದು. ಉಮೇದುವಾರನು ಮರೆಯಲ್ಲಿಡುವುದು ನಾಳೆ ಅಲ್ಲಗಳೆಯಲು ದಾರಿಯಿರಲೆಂದು. ಆ ದೇಶದವರು ಇಂತಹ ಮಾತನ್ನು ನಾಯಿಯನ್ನು ಕರೆಯುವ ಸಿಳ್ಳಿಗೆ ಹೋಲಿಸುತ್ತಾರೆ. ಅದರ ದನಿ ನಾಯಿಗೆ ಕೇಳುವುದು, ಮನುಷ್ಯನಿಗೆ ಕೇಳದು. ಈ ವಿದ್ಯೆಗೆ ಲಕ್ಷಣವನ್ನು ಹೇಳಿದವನು ಅದರ ಪ್ರಯೋಗದಲ್ಲಿ ನುರಿತಿದ್ದ ಲೀ ಆಟ್‌ವಾಟರ್. ಹಿಂದೆ ಬಹಿರಂಗವಾಗಿ ಬೈದು ಮತ ಕೇಳುತ್ತಿದ್ದರು. 1968ರ ಹೊತ್ತಿಗೆ ಬೈಗುಳು ತಿರುಗಿ ಬಡಿಯತೊಡಗಿತು. ಆಗ 'ಸಂಸ್ಥಾನಗಳ ಹಕ್ಕು' ಬಂದಿತು. ಅದೂ ಸವೆದು ತೆರಿಗೆ ಕಡಿತದ ಮಾತಾಯಿತು ಎಂದು ಆತನು 1981ರ ಒಂದು ಸಂದರ್ಶನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ್ದಾನೆ.

ಪಕ್ಷಗಳ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. ಗುಲಾಮಗಿರಿಯನ್ನು ತೊಡೆದ ಲಿಂಕನ್ನರದು ರಿಪಬ್ಲಿಕನ್ ಪಕ್ಷ. ದಕ್ಷಿಣದ ಬಿಳಿಯರು ಸುಮಾರು ನೂರು ವರ್ಷ ಡೆಮೊಕ್ರಾಟರು. 1964ನೆಯ ಜುಲೈ 2ರಂದು ಡೆಮೊಕ್ರಾಟರಾದ ಜಾನ್ಸನ್ನರು ಸಮಾನ ಹಕ್ಕುಗಳ ಶಾಸನಕ್ಕೆ ರುಜು ಹಾಕಿದರು. ಅದನ್ನು ವಿರೋಧಿಸಿ ಮತವಿತ್ತ ರಿಪಬ್ಲಿಕನ್ ಗೋಲ್ಡ್‌ವಾಟರರಿಗೆ ಅದೇ ವರ್ಷ ಮಿಸಿಸಿಪ್ಪಿಯಲ್ಲಿ ನೂರಕ್ಕೆ 87 ಮತಗಳು ಬಿದ್ದುವು. ದೇಶದಲ್ಲಿ ಅವರು ಹೀನಾಯವಾಗಿ ಸೋತರು. ಆದರೂ ಪಕ್ಷಗಳು ಉಡುಪನ್ನು ಬದಲಾಯಿಸಿಕೊಳ್ಳಲು ಅಂದೇ ತೊಡಗಿದುವು.

ಇನ್ನು ಎರಡನೆಯ ಭಾಷಣ. ಬರಾಕ್ ಒಬಾಮರ ಚರ್ಚಿನ ಪಾದ್ರಿ ಜೆರೆಮಯಾ ರೈಟರು ಅಮೆರಿಕಾವನ್ನು ಕಟುವಾಗಿ ನಿಂದಿಸಿದ ಉಪದೇಶಗಳು ಟೆಲಿವಿಷನ್ನಿನಲ್ಲಿ ಮತ್ತೆ ಮತ್ತೆ ಬಂದಾಗ, ಒಬಾಮರು 2008ನೆಯ ಮಾರ್ಚ್ 18ರಂದು ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾದಲ್ಲಿ ಉತ್ತರ ಕೊಟ್ಟರು. ಈ ಭಾಷಣದ ಹೆಚ್ಚಳವೆಂದರೆ ವ್ಯಂಗ್ಯವಾಗಿದ್ದುದನ್ನೆಲ್ಲ ವಾಚ್ಯಕ್ಕೆ ತಂದುದು. ರಾಜ್ಯಾಂಗದ ಹುಟ್ಟಿನಲ್ಲೇ ಗುಲಾಮಗಿರಿಯ ಕಲೆಯಿತ್ತೆಂದರು. ಕಪ್ಪು ಜನರ ಕೋಪವನ್ನೂ ದುಡಿಯುವ ಬಿಳಿಯರ ಅಸಮಾಧಾನವನ್ನೂ ಹೆಸರಿಸಿದರು. ರೇಗನ್ನರ ಬಲವು ಆ ಅಸಮಾಧಾನದಿಂದಲೂ ಕೂಡಿಬಂದಿತೆಂದು ಹೇಳಲು ಹಿಂಜರಿಯಲಿಲ್ಲ. ಮತ ಕೇಳುವವನ ಬಾಯಲ್ಲಿ ಇಷ್ಟು ಋಜುವಾದ ಮಾತು ಅಪೂರ್ವ.

ದೋಷವೂ ಉಂಟು, ಅದು ಬಹುಜನರು ಮೆಚ್ಚಿದ ಭಾಗದಲ್ಲಿಯೇ ಇದೆ. ತಮ್ಮನ್ನು ಸಾಕಿದ ಬಿಳಿಯ ಅಜ್ಜಿ, ಬೀದಿಯಲ್ಲಿ ಹಾದುಹೋಗುವ ಕಪ್ಪು ಗಂಡಸರಿಗೆ ಹೆದರುತ್ತಿದ್ದಳು. ಆಕೆಯನ್ನು ಹೇಗೆ ತ್ಯಜಿಸಲಾರೆನೋ ಪಾದ್ರಿಯನ್ನೂ ಹಾಗೆಯೇ ತ್ಯಜಿಸಲಾರೆನೆಂದರು. ಉಪಮೆಗೆ ಸಾಧಾರಣಧರ್ಮ ಬೇಕು. ಮನೆಯೊಳಗೆ ಅಜ್ಜಿ ಹೇಳಿಕೊಂಡ ಭೀತಿಗೂ, ಪೀಠದಿಂದ ಪಾದ್ರಿ ಸಾರಿದ ಕ್ರೋಧಕ್ಕೂ ಅದು ತೆಳುವಾಗಿದೆ. ಇದರಂತೆಯೇ, ಕಾನೂನಿನಿಂದಲೇ ತುಳಿಯಲ್ಪಟ್ಟವರ ನೋವನ್ನೂ, ಕೆಲಸ ಕಳೆದುಕೊಳ್ಳುವ ಭಯವುಳ್ಳವರ ಬೇಸರವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದು ಸಭೆಯನ್ನು ಒಲಿಸಿಕೊಳ್ಳಲು ಬೇಕಾಗಿತ್ತು, ಸತ್ಯಕ್ಕೆ ಬೇಕಾಗಿರಲಿಲ್ಲ. ತ್ಯಜಿಸಲಾರೆನೆಂದ ಮಾತೂ ನಿಲ್ಲಲಿಲ್ಲ. ಎರಡೂವರೆ ತಿಂಗಳೊಳಗೆ ಅವರು ಆ ಚರ್ಚನ್ನೇ ಬಿಟ್ಟರು. ಹೀಗಿದ್ದರೂ ಎರಡರಲ್ಲಿ ಇದೇ ಮೇಲಾದ ಭಾಷಣ. ಕೇಳುವವರನ್ನು ಇದು ಒಳಗಿನವರು, ಹೊರಗಿನವರು ಎಂದು ಒಡೆಯುವುದಿಲ್ಲ.

ಒಬಾಮರು ಗೆದ್ದರು. ಬಿಳಿಯ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎದುರಾಳಿ ಮೆಕೇನರ ಕಡೆಗಿದ್ದರು. ಕಪ್ಪು ಮತದಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಒಬಾಮರ ಕಡೆಗೆ. ಅವರು ಆ ದೇಶದಲ್ಲಿ ಹುಟ್ಟಿದವರೇ ಅಲ್ಲವೆಂಬ ಸುಳ್ಳು ಹಬ್ಬಿ, 2011ನೆಯ ಏಪ್ರಿಲ್ 27ರಂದು ಅಧ್ಯಕ್ಷರು ತಮ್ಮ ಜನನಪತ್ರವನ್ನು ಪೂರ್ಣವಾಗಿ ಪ್ರಕಟಿಸಬೇಕಾಯಿತು. ಆ ಸುಳ್ಳನ್ನು ಹರಡಿದವರಲ್ಲಿ ಮುಂದಾಳಾದ ಡೊನಾಲ್ಡ್ ಟ್ರಂಪರು 2016ರಲ್ಲಿ ಅದೇ ಪದವಿಗೆ ಆಯ್ಕೆಯಾದರು. 2024ರಲ್ಲಿ ಅವರಿಗೆ ಎದುರು ನಿಂತ ಕಮಲಾ ಹ್ಯಾರಿಸರ ತಾಯಿ ತಮಿಳುನಾಡಿನ ಮೂಲದವರು, ತಂದೆ ಜಮೈಕಾದವರು. ಜುಲೈ 31ರಂದು ಶಿಕಾಗೋದಲ್ಲಿ, ಕಪ್ಪು ಪತ್ರಕರ್ತರ ಸಭೆಯಲ್ಲಿಯೇ, ಆಕೆ ಮೊದಲು ಭಾರತೀಯಳೆನಿಸಿಕೊಂಡು ಈಚೆಗೆ ಕಪ್ಪಾದಳೆಂಬರ್ಥದ ಮಾತನ್ನು ಟ್ರಂಪರು ಆಡಿದರು. ನೆಷೋಬಾದಲ್ಲಿ ದೇಶಕಾಲಗಳನ್ನು ಕೂಡಿಸಿ ಊಹಿಸಬೇಕಾಗಿದ್ದುದು ಇಲ್ಲಿ ಕೋಶದ ಅರ್ಥದಲ್ಲಿಯೇ ಇತ್ತು. ಆ ಚುನಾವಣೆಯಲ್ಲಿ ಅವರೇ ಗೆದ್ದರು. ಸ್ಪ್ಯಾನಿಷ್ ನುಡಿಯ ಮೂಲದವರ ಮತಗಳೂ ಅವರಿಗೆ ಹಿಂದಿಗಿಂತ ಹೆಚ್ಚಾಗಿಯೇ ದೊರೆತುವು.