ಈ ಹಾಡಿಗೆ ಶ್ರುತಿಪೆಟ್ಟಿಗೆ ಯಾರು ಕೇಳಿದ್ದರು?

ಅಂಕೋಲೆಯ ಗೆಳೆಯನೊಬ್ಬ ಮೊಬೈಲಿನಲ್ಲಿ ಹಾಡು ಕೇಳಿಸಿದ. ಹಾಲಕ್ಕಿ ಹೆಂಗಸರ ಹಾಡು. ಕೆಳಗೆ ಇಲೆಕ್ಟ್ರಾನಿಕ್ ತಂಬೂರಿ ಒಂದೇ ಸಮನೆ ಗುಂಯ್ ಅನ್ನುತ್ತಿದೆ. ಮೇಲೆ ಇಬ್ಬರು ಮುದುಕಿಯರ ದನಿ, ಇಸ್ತ್ರಿ ಹಾಕಿದ ಹಾಗೆ. ಉಸಿರೆಳೆದ ಸದ್ದಿಲ್ಲ, ಅಂಗಳದ ಕೋಳಿಯಿಲ್ಲ. ಹಾಡಿದವರ ಹೆಸರೂ ಇಲ್ಲ, 'ಸಾಂಪ್ರದಾಯಿಕ' ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಸಂಗೀತ ಸಂಯೋಜಕರ ಹೆಸರು ಮಾತ್ರ ದಪ್ಪಕ್ಷರದಲ್ಲಿದೆ!

ನಾವು ಯಂತ್ರದ ವೈರಿಗಳಲ್ಲ. 1979ರಲ್ಲಿ ಬೆಂಗಳೂರಿನ ಕೊಳಲುವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣ್ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದ್ದು ದೊಡ್ಡ ಕೆಲಸವೇ. ಮಿರಜಿನ ತಂಬೂರಿ ಕೊಳ್ಳಲಾಗದವನ ಮನೆಗೂ ಶ್ರುತಿ ಬಂತು. ಈಗ ಅದು ಮೊಬೈಲಿನೊಳಗೇ ಇದೆ. ಮೊಬೈಲೇ ಸ್ಟುಡಿಯೋ, ಮನೆಯ ಜಗಲಿಯೇ ಧ್ವನಿಮುದ್ರಣದ ಕೋಣೆ. ಕಂಪನಿಯವರ ಬಾಗಿಲು ಕಾಯಬೇಕಿಲ್ಲ. ಇದನ್ನು ಬೇಡ ಅನ್ನೋಕೆ ನಾವೇನು ಹುಚ್ಚರೇ?

ಒಂದೇ ಸ್ವರ ಹಿಡಿದು ನಿಲ್ಲುವ ನಾದ ಕಛೇರಿ ಸಂಗೀತದವರ ಸೊತ್ತು ಅಂತಲೂ ನಾವು ಒಪ್ಪುವುದಿಲ್ಲ. ಮಂಟೇಸ್ವಾಮಿಯ ನೀಲಗಾರರ ಹೆಗಲ ಮೇಲೆ ತಂಬೂರಿ ಇದೆ. ತತ್ವಪದದವರ ಕೈಲಿ ಏಕತಾರಿ, ಎಲ್ಲಮ್ಮನ ಜೋಗತಿಯರ ಕೈಲಿ ಚೌಡಿಕೆ. ಚೌಡಿಕೆಯ ತಂತಿ ಬಿಗಿದರೆ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅದು ಹಾಡುವವಳ ಕೊರಳಿನ ಜೊತೆಗೆ ನಡೆಯುತ್ತದೆ. ಪೆಟ್ಟಿಗೆ ಹಾಗಲ್ಲ. ಗುಂಡಿ ಒತ್ತಿದ ಜಾಗ ಬಿಟ್ಟು ಕದಲುವುದಿಲ್ಲ, ಕೊರಳೇ ಅದರ ಹತ್ತಿರ ಬರಬೇಕು.

ಗೆಳೆಯ ಕೇಳಿಸಿದ ಹಾಡಿನಲ್ಲಿ ಆಗಿರುವುದು ಇದೇ. ಈ ಹೆಂಗಸರು ಹಾಡುವಾಗ ಒಬ್ಬಳು ಬಿಟ್ಟ ಸಾಲಿನ ಬಾಲವನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಅದೇ ಅವರ ಶ್ರುತಿ. ಹಾಡು ಸಾಗಿದಂತೆ ಅದು ಕೂದಲೆಳೆಯಷ್ಟು ಏರುತ್ತದೆ, ಇಳಿಯುತ್ತದೆ. ಎರಡು ದನಿಗಳ ನಡುವೆ ಒಂದು ಸಣ್ಣ ಉಜ್ಜಾಟ ಇರುತ್ತದೆ. 1997ರಲ್ಲಿ ಅಮೆರಿಕದಲ್ಲಿ ಆಟೋಟ್ಯೂನ್ ಎಂಬ ಸಾಫ್ಟ್‌ವೇರ್ ಬಂತು. ಸ್ವರ ಸರಿದರೆ ಹತ್ತಿರದ 'ಸರಿಯಾದ' ಸ್ವರಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಸರಿ ಯಾವುದು ಅಂತ ತೀರ್ಮಾನಿಸಿದವರು ಯಾರು? ಗದ್ದೆಯಲ್ಲಿ ಬೆನ್ನು ಬಗ್ಗಿಸಿದವಳಂತೂ ಅಲ್ಲ. ಮೊದಲು ಪೆಟ್ಟಿಗೆ ಇಟ್ಟರು, ಆಮೇಲೆ ಇವಳೇ ಅಪಸ್ವರ ಅಂದರು, ಆಮೇಲೆ ತಿದ್ದಿದರು. ಇದು ನಮಗೆ ಗೊತ್ತಿಲ್ಲದ ಆಟವೇ? ಶಾಲೆಯಲ್ಲಿ ನಮ್ಮ ಮಾತನ್ನು ತಿದ್ದಿದ್ದೂ ಹೀಗೇ.

ಗುಮಟೆಯ ಗತಿಯೂ ಅಷ್ಟೇ. ಮಣ್ಣಿನ ಮಡಕೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಈಗ ಆಡಿನ ಚರ್ಮವೂ ಇದೆ, ದನಿ ಬೇರೆಯಾದರೂ ಬಾರಿಸುವ ಕೈ ಅದೇ. ಮಡಕೆಯ ಇನ್ನೊಂದು ಬಾಯನ್ನು ಎಡಗೈ ಮುಚ್ಚಿ ತೆರೆದು ದನಿ ಹೊರಳಿಸುತ್ತದೆ. ಕೀಬೋರ್ಡಿನ ಗುಮಟೆಗೆ ಈ ಎಡಗೈಯೇ ಇಲ್ಲ.

ಬಡಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿ 13ರಂದು ತೀರಿಕೊಂಡರು. ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ಬೀದಿಗಿಳಿದ ಸುಕ್ರಜ್ಜಿಗೆ 2017ರಲ್ಲಿ ಪದ್ಮಶ್ರೀ ಕೊಟ್ಟರು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಅವರ ಜನ ಎಷ್ಟೋ ವರ್ಷ ಕೇಳಿದ್ದಾರೆ. ಹಾಡು ಬೇಕು, ಹಾಡಿದವರ ಅಹವಾಲು ಬೇಡ ಅನ್ನುವವರಿಗೆ ಕೋಳಿ ಕೂಗಿಲ್ಲದ ಧ್ವನಿಮುದ್ರಣವೇ ಅನುಕೂಲ.

ಕಾರವಾರ, ಅಂಕೋಲೆಯ ಮಾಸ್ತರ ಗೆಳೆಯರೇ, ನಿಮ್ಮ ಶಾಲೆಯ ಹುಡುಗರ ಮನೆಯಲ್ಲೂ ಮೊಬೈಲ್ ಇದೆ. ಹಾಲಕ್ಕಿ, ಮುಕ್ರಿ, ಆಗೇರ ಕೇರಿಗಳಲ್ಲಿ ಅವರ ಅಜ್ಜಿಯರಿದ್ದಾರೆ. ಹುಡುಗರೇ ಮುದ್ರಿಸಲಿ. ಇಬ್ಬರು ಹಾಡಿದರೆ ಮೊಬೈಲನ್ನು ಇಬ್ಬರ ನಡುವೆ ಇಡಲಿ. ಅಜ್ಜಿ ಒಪ್ಪಿದರೆ ಮೊದಲು ಅವಳ ಬಾಯಿಂದಲೇ ಹೆಸರು ಹೇಳಿಸಲಿ, ಆಮೇಲೆ ಹಾಡು. ಮುಗಿದ ಮೇಲೆ ಅದನ್ನು ಅವಳಿಗೇ ಕೇಳಿಸಲಿ. ತಂಬೂರಿ ಬೇಕೋ ಬೇಡವೋ, ಅವಳೇ ಹೇಳುತ್ತಾಳೆ.